ಜಾಥಾ ಬಿಟ್ಟು ‘ಬೇಡ’ ಅನ್ನುವುದನ್ನು ಪ್ರಾಕ್ಟೀಸ್ ಮಾಡಿಸಿದೆ: ನನ್ನ ಅನುಭವ

ಜೂನ್ 26, ಅಂದ್ರೆ ಮಾದಕ ವಸ್ತು ವಿರೋಧಿ ದಿನ ಬಂತು ಅಂದ್ರೆ ಶಾಲೆಗಳಲ್ಲಿ ಏನು ನಡೆಯುತ್ತದೆ ಅಂತ ಮೇಷ್ಟ್ರುಗಳಿಗೆ ಹೇಳಬೇಕಾಗಿಲ್ಲ. ಜಾಥಾ, ಘೋಷಣೆ, ಪ್ರತಿಜ್ಞೆ, ಫೋಟೊ. ಹಾಸನ ಕಡೆಯ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲೂ ವರ್ಷಗಟ್ಟಲೆ ಇದೇ ನಡೆಯಿತು. ಫ್ಲೆಕ್ಸ್, ಶಾಲು, ಹಾರ, ಅತಿಥಿಗಳ ತಿಂಡಿ ಎಲ್ಲಾ ಸೇರಿ ಒಂದು ಸಲಕ್ಕೆ 4,000 ರೂಪಾಯಿ ಹತ್ತಿರ. ಅರ್ಧ ನಮ್ಮ ಜೇಬಿನಿಂದಲೇ. ಮಾರನೇ ದಿನ ಶೌಚಾಲಯದ ಹಿಂದೆ ನೋಡಿದರೆ ಅದೇ ಗುಟ್ಕಾ ಚೀಟಿಗಳು.

ಕ್ಯಾನ್ಸರ್ ಆದ ಬಾಯಿಯ ಫೋಟೊಗಳನ್ನು ಪ್ರೊಜೆಕ್ಟರ್‌ನಲ್ಲಿ ತೋರಿಸಿದೆವು. ಒಂದು ಗಂಟೆ ಎಲ್ಲರೂ ಗಪ್‌ಚಿಪ್. ಆಮೇಲೆ ಹಿಂದಿನ ಬೆಂಚಿನವನೊಬ್ಬ ಕೇಳಿದ, “ಅದು ಗುಟ್ಕಾಕ್ಕೆ ಸಾರ್, ಗಾಂಜಾಕ್ಕೆ ಹಂಗಾಗಲ್ವಂತೆ?”

ಇವೆಲ್ಲ ಕೆಟ್ಟದ್ದು ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ಗೆಳೆಯ ಕೈಗೆ ಇಟ್ಟಾಗ ಬಾಯಿಂದ ಮಾತು ಹೊರಡುವುದಿಲ್ಲ, ಅಷ್ಟೇ. ಹಾಗಾಗಿ ಆ ಮಾತನ್ನೇ ಪ್ರಾಕ್ಟೀಸ್ ಮಾಡಿಸಲು ಶುರು ಮಾಡಿದೆ. ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಒಂದು 15 ನಿಮಿಷ. ಇಬ್ಬರು ಮುಂದೆ ಬರಬೇಕು. ಒಬ್ಬ ಒತ್ತಾಯ ಮಾಡುವವನು, ಇನ್ನೊಬ್ಬ ತಪ್ಪಿಸಿಕೊಳ್ಳುವವನು. “ಆರೋಗ್ಯಕ್ಕೆ ಹಾನಿಕರ” ಅಂತ ಭಾಷಣ ಶುರು ಮಾಡಿದರೆ ಔಟ್. ಗೆಳೆತನ ಮುರಿದರೂ ಔಟ್.

“ಒಂದ್ ಸಲ ಹಾಕ್ಕೊಳೋ, ಏನೂ ಆಗಲ್ಲ.”
“ಬೇಡ ಮಗಾ.”
“ಯಾಕೋ, ಹೆದರ್ಕೊಂಡ್ಯಾ?”
“ನಾಳೆ ಕಬಡ್ಡಿ ಸೆಲೆಕ್ಷನ್ ಇದೆ ಕಣೋ. ಬಾ, ಬಸ್ ಹೋಗುತ್ತೆ.”

ಈ ಕೊನೆಯ ಮಾತಿಗೆ ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಒಂದು ಕಾರಣ ಕೊಟ್ಟು, ಜಾಗ ಬಿಟ್ಟು, ಗೆಳೆಯನನ್ನೂ ಜೊತೆಗೆ ಎಳೆದುಕೊಂಡು ಹೊರಟ. ಹೀಗೆ ಗೆದ್ದ ಮಾತುಗಳನ್ನೆಲ್ಲ ಮಕ್ಕಳೇ ಚಾರ್ಟಿನಲ್ಲಿ ಬರೆಯುತ್ತಾರೆ. ಖರ್ಚು ಚಾರ್ಟು, ಸ್ಕೆಚ್ ಪೆನ್ನು ಸೇರಿ ವರ್ಷಕ್ಕೆ 300 ದಾಟಿಲ್ಲ.

ಸ್ಟಾಫ್ ರೂಮಿನಲ್ಲಿ ಯಾರೂ ಒಪ್ಪಿರಲಿಲ್ಲ. “ಸುಮ್ನಿರೋ ಮಕ್ಕಳಿಗೆ ನೀವೇ ಹೇಳಿಕೊಟ್ಟ ಹಾಗಾಗುತ್ತೆ ಸಾರ್” ಅಂದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ಇದೇ ಮಾತು. ಎರಡನೇ ವರ್ಷ 9ನೇ ತರಗತಿಯ ಹುಡುಗನೊಬ್ಬ ಬಂದು, ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಹುಡುಗರು ಬೀಡಿಯೊಳಗೆ ಏನೋ ತುಂಬಿ ಕೊಟ್ಟರು ಅಂದ. “‘ಬೇಡ’ ಅಂತ ಬಾಯಿಗೆ ತಾನಾಗೇ ಬಂತು ಸಾರ್, ಹೇಳಿ ಬಸ್ ಹತ್ತಿಬಿಟ್ಟೆ.” ಅವತ್ತಿನಿಂದ ಸ್ಟಾಫ್ ರೂಮಿನಲ್ಲಿ ತಕರಾರಿಲ್ಲ. ಶೌಚಾಲಯದ ಹಿಂದೆ ವಾರಕ್ಕೊಂದು ಬುಟ್ಟಿ ಸಿಗುತ್ತಿದ್ದ ಚೀಟಿ ಈಗ ಅಪರೂಪ. ಸುತ್ತಮುತ್ತ ಹೀಗಿರುವ ಶಾಲೆ ತೋರಿಸಿ ನೋಡೋಣ.

ಒತ್ತಾಯ ಮಾಡುವ ಪಾತ್ರಕ್ಕೆ ಯಾರನ್ನು ಆರಿಸುತ್ತೇನೆ, ಯಾಕೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ನಮ್ಮ ಮಕ್ಕಳೂ ಇದನ್ನು ಓದುತ್ತಾರೆ. ಸಿಕ್ಕಾಗ ಕೇಳಿ, ಹೇಳುತ್ತೇನೆ.

ನಡುವೆ ಗಣಿತದ ಮೇಡಂ ಜೊತೆ ಸೇರಿ ಇನ್ನೊಂದು ಪ್ರಯೋಗ ಮಾಡಿದೆ. 2003ರ ಕೋಟ್ಪಾ (ತಂಬಾಕು ನಿಯಂತ್ರಣ) ಕಾಯ್ದೆಯಲ್ಲಿ ಆಗ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಅಂತಿತ್ತು. ಅಂದ್ರೆ ಸುಮಾರು 91 ಮೀಟರ್. ಮಕ್ಕಳು ಗೇಟಿನಿಂದ ಟೇಪು ಹಿಡಿದು ಅಳೆದರು. ಎರಡು ಅಂಗಡಿ ಒಳಗೇ ಬಂದವು. ಒಬ್ಬರು ಅವತ್ತೇ ಗುಟ್ಕಾ ಮಾಲೆ ಇಳಿಸಿದರು. ಇನ್ನೊಬ್ಬರು ಅದನ್ನು ಬಿಸ್ಕತ್ ಡಬ್ಬದ ಹಿಂದೆ ಇಟ್ಟರು. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಇಂಥದ್ದು ಕೊಟ್ಟರೆ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಎಸ್‌ಡಿಎಂಸಿ ಅಧ್ಯಕ್ಷರು ಹೋಗಿ ಅದನ್ನು ಓದಿ ಹೇಳಿದ ಮೇಲೆ ಅವರೂ ನಿಲ್ಲಿಸಿದರು. ಪಂಕ್ಚರ್ ಸಲ್ಯೂಷನ್ ಕರ್ಚೀಫಿಗೆ ಹಚ್ಚಿ ನಶೆಗೆ ಮೂಸುವ ವಿಷಯ ಹೊರಬಂದದ್ದೂ ಈ ಅಳತೆಯ ದಿನವೇ. ಹೇಳಿದ್ದು ಹೆಣ್ಣುಮಕ್ಕಳು.

ಈಗಾಗಲೇ ಚಟ ಹತ್ತಿದವರನ್ನು ಮಾತ್ರ ಈ ನಾಟಕಕ್ಕೆ ಎಳೆಯಬೇಡಿ. ಎಲ್ಲರೆದುರು ಹೆಸರು ಹೇಳಲೇಬೇಡಿ, ಮಗು ಮರುದಿನ ಶಾಲೆಗೇ ಬರಲ್ಲ. ನಾನು ತಾಯಿಯನ್ನು ಒಬ್ಬರನ್ನೇ ಕರೆಸಿ ಮಾತಾಡುತ್ತೇನೆ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅವರ ಎದುರಿಗೇ ಫೋನ್ ಹಚ್ಚಿ ಕೊಡುತ್ತೇನೆ.

ಈ ವರ್ಷ 8ನೇ ತರಗತಿಯಿಂದಲೇ ಶುರು. ಪಕ್ಕದ ಹೋಬಳಿಯ ಶಾಲೆಯವರು ನಮ್ಮ ಚಾರ್ಟಿನ ಫೋಟೊ ಕೇಳಿದರು. ಕೊಡಲಿಲ್ಲ. ನಮ್ಮೂರ ಹುಡುಗರ ಮಾತು ಅಲ್ಲಿ ನಡೆಯಲ್ಲ, ನಿಮ್ಮ ಮಕ್ಕಳ ಕೈಲೇ ಬರೆಸಿ ಅಂದೆ.