ಆಸ್ಟ್ರೇಲಿಯದ ಅಂಗಡಿ ಸಂಬಳ: ಕೊರತೆ ಸರಿಪಡಿಸಿದ್ದು ಹೀಗೆ

ಜನರಲ್ ರೀಟೇಲ್ ಅವಾರ್ಡ್ (ಅಂಗಡಿ ನೌಕರರ ಕನಿಷ್ಠ ಸಂಬಳ, ಪಾಳಿಯ ನಿಯಮಾವಳಿ) ಹೇಳುವುದಕ್ಕಿಂತ ಕ್ಯಾಶುಯಲ್‌ಗಳಿಗೆ, ಅಂದರೆ ಕಾಯಂ ಅಲ್ಲದ ನೌಕರರಿಗೆ, ಸಂಬಳ ಕಡಿಮೆ ಹೋಗುತ್ತಿದ್ದುದಕ್ಕೆ ಕಾರಣ, ಪೇರೋಲ್‌ನಲ್ಲಿ (ಸಂಬಳ ಲೆಕ್ಕದ ವ್ಯವಸ್ಥೆಯಲ್ಲಿ) ಎಲ್ಲ ಗಂಟೆಗೂ ಮೂಲ ಗಂಟೆ ದರದ 125% ಎಂಬ ಒಂದೇ ದರ ಕೂತಿದ್ದದ್ದು. ವಾರದ ದಿನ ಸಂಜೆ 6ರ ನಂತರ ಮತ್ತು ಶನಿವಾರ 150%, ಭಾನುವಾರ 175%, ಸಾರ್ವಜನಿಕ ರಜೆಗೆ 250% ಎಂದು ಬೇರೆ ಕೋಡ್ ಮಾಡಿ, ಸಂಜೆ 6 ದಾಟಿದ ಪಾಳಿ ಟೈಮ್‌ಶೀಟ್‌ನಲ್ಲಿ 6ಕ್ಕೆ ತಾನೇ ಎರಡು ಭಾಗವಾಗುವಂತೆ ಹಾಕಿದೆ. ಕ್ಯಾಶುಯಲ್‌ಗಳಿಗೆ ಕೊಡುವ 25% ಹೆಚ್ಚುವರಿ (ಲೋಡಿಂಗ್) ಇವುಗಳೊಳಗೇ ಇದೆ, ಮತ್ತೆ ಕೂಡಿಸಬೇಡಿ.

ಪಾಳಿಯದು ಬೇರೆ ತಲೆನೋವು. ರಾತ್ರಿ 9:30ಕ್ಕೆ ಬಾಗಿಲು ಹಾಕಿದವರನ್ನು ಬೆಳಿಗ್ಗೆ 7ಕ್ಕೇ ಕರೆದರೆ ಬಿಡುವು ಒಂಬತ್ತೂವರೆ ಗಂಟೆ ಮಾತ್ರ. ನಿಯಮದ ಪ್ರಕಾರ ಎರಡು ಪಾಳಿಗಳ ನಡುವೆ 12 ಗಂಟೆ ಬಿಡುವು ಬೇಕು, ನೌಕರರು ಒಪ್ಪಿದರೆ 10. ತಪ್ಪಿದರೆ ಫುಲ್‌ಟೈಮ್, ಪಾರ್ಟ್‌ಟೈಮ್‌ನವರಿಗೆ 12 ಗಂಟೆ ಬಿಡುವು ಸಿಗುವವರೆಗೂ 200% ಕೊಡಬೇಕು. ಮ್ಯಾನೇಜರುಗಳು ಮರೆಯುವುದು ಇದನ್ನೇ. ಈಗ ರೋಸ್ಟರ್ (ಪಾಳಿ ಪಟ್ಟಿ) ಪ್ರಕಟಿಸುವ ಮೊದಲೇ ಕೆಂಪು ಎಚ್ಚರಿಕೆ ಬರುತ್ತದೆ. ಹಳೇ ಬಾಕಿ ಲೆಕ್ಕಕ್ಕೆ ದಾಖಲೆ ಬೇಕು. 7 ವರ್ಷ ಇಡುವುದು ಕಾನೂನು.