ರಿಂಗಿನ ಪಕ್ಕದ ಕುರ್ಚಿ ಯಾರಿಗೆ?

ಲಾಸ್ ವೇಗಸ್‌ನ ಒಂದು ಕ್ಯಾಸಿನೋದಲ್ಲಿ ಬಾಕ್ಸಿಂಗ್ ಮತ್ತು ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಹೊಡೆದಾಟ) ಪಂದ್ಯಗಳ ಉಸ್ತುವಾರಿ ನನ್ನದು ಅಂದ ಕೂಡಲೇ ಊರಿನವರು ಕೇಳುವುದು ಒಂದೇ: ‘ಟಿಕೆಟ್ ಎಷ್ಟಕ್ಕೆ ಮಾರ್ತೀರಿ?’ ನಿಜ ಹೇಳಬೇಕೆಂದರೆ ನಾನು ಮಾರುವುದಕ್ಕಿಂತ ಹಂಚುವುದೇ ಜಾಸ್ತಿ. ರಿಂಗಿನ ಹತ್ತಿರದ ಒಳ್ಳೆಯ ಕುರ್ಚಿಗಳು ಎಷ್ಟೋ ಸಲ ಹೊರಗಿನವರ ಕೈಗೆ ಸಿಗುವುದೇ ಇಲ್ಲ. ಅವು ನಮ್ಮ ಟೇಬಲ್‌ಗಳಲ್ಲಿ ದೊಡ್ಡ ಮೊತ್ತಕ್ಕೆ ಆಡುವವರಿಗೆ, ಅದೂ ಪುಕ್ಕಟೆಯಾಗಿ.

2015ರ ಮೇ 2ರಂದು ಇಲ್ಲಿನ ಎಂಜಿಎಂ ಗ್ರ್ಯಾಂಡ್ ಹೋಟೆಲ್‌ನಲ್ಲಿ ಬಾಕ್ಸರ್‌ಗಳಾದ ಮೇವೆದರ್ ಮತ್ತು ಪ್ಯಾಕ್ವಿಯಾವೊ ಆಡಿದರಲ್ಲ, ಆ ಅಂಗಳದಲ್ಲಿ ಸುಮಾರು 16,000 ಜನ ಕೂರಬಹುದಿತ್ತು. ಸಾರ್ವಜನಿಕರಿಗೆ ಮಾರಾಟಕ್ಕೆ ಬಿಟ್ಟದ್ದು 500ರ ಆಸುಪಾಸು ಟಿಕೆಟ್. ಉಳಿದವನ್ನು ಪಂದ್ಯ ಏರ್ಪಡಿಸಿದ ಎರಡೂ ಕಡೆಯ ಪ್ರವರ್ತಕರು ಮತ್ತು ಹೋಟೆಲ್‌ನವರು ಹಂಚಿಕೊಂಡರು. ಗೇಟ್ ಹಣ, ಅಂದರೆ ಟಿಕೆಟ್‌ನಿಂದ ಬಂದದ್ದೇ ಸುಮಾರು 7.2 ಕೋಟಿ ಡಾಲರ್. ಅಂಥ ರಾತ್ರಿಯಲ್ಲೂ ಕ್ಯಾಸಿನೋದವರ ಕಣ್ಣು ಗೇಟಿನ ಮೇಲಷ್ಟೇ ಇರುವುದಿಲ್ಲ. ಪಂದ್ಯ ಮುಗಿದ ಮೇಲೆ ಜನ ಎಲ್ಲಿಗೆ ಹೋಗುತ್ತಾರೆ ಅನ್ನುವುದೇ ನಮ್ಮ ಲೆಕ್ಕ.

ಈ ಲೆಕ್ಕ ನನಗೆ ಅರ್ಥವಾದದ್ದು ಕೇಜ್‌ನಲ್ಲಿ. ಎಂಎಂಎ ಆಡುವ ಬಲೆಯ ಕೇಜ್ ಅಲ್ಲ, ಕ್ಯಾಸಿನೋದ ಖಜಾನೆಯನ್ನು ಇಲ್ಲಿ ಹಾಗೇ ಕರೆಯುತ್ತಾರೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಹೋಟೆಲ್ ಆಡಳಿತ ಓದಿ ಮುಗಿಸಿದವನು ನಾನು. ಮೊದಲು ಸಿಕ್ಕ ಕೆಲಸ ಚಿಪ್ಸ್ (ದುಡ್ಡಿನ ಬದಲು ಆಡುವ ಬಿಲ್ಲೆ) ಎಣಿಸುವುದು, ಮಾರ್ಕರ್‌ಗೆ ಸಹಿ ಹಾಕಿಸುವುದು. ಮಾರ್ಕರ್ ಅಂದರೆ ಆಟಗಾರ ನಮ್ಮಿಂದ ಪಡೆಯುವ ಸಾಲದ ಚೀಟಿ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ಕಾನೂನಿನಲ್ಲಿ ಅದು ಚೆಕ್ ಇದ್ದ ಹಾಗೆ. ಹಣ ಕಟ್ಟದಿದ್ದರೆ ಕ್ರಿಮಿನಲ್ ಕೇಸ್ ಆಗಬಹುದು. ದಿನಕ್ಕೆ 10,000 ಡಾಲರ್ ಮೀರಿದ ನಗದು ವ್ಯವಹಾರವಾದರೆ ಸರ್ಕಾರಕ್ಕೆ ವರದಿ ಹೋಗಬೇಕು. ಪಂದ್ಯದ ವಾರಾಂತ್ಯದಲ್ಲಿ ಕೇಜ್ ಮುಂದಿನ ಸಾಲು ಎಷ್ಟು ಉದ್ದವಾಗುತ್ತದೆ, ಯಾರು ಪಂದ್ಯಕ್ಕೆ ಮುಂಚೆ ಮಾರ್ಕರ್ ತೆಗೆಯುತ್ತಾರೆ, ಯಾರು ಆಮೇಲೆ ಬರುತ್ತಾರೆ, ಎಲ್ಲ ಅಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಮಾರ್ಕೆಟಿಂಗ್ ಓದಿ ನೇರ ಮೇಲಿನ ಮಹಡಿಗೆ ಹೋದವರಿಗೆ ಇದು ತಿಳಿಯುವುದು ಕಷ್ಟ.

ಆಮೇಲೆ ಹೋಸ್ಟ್ ಆದೆ. ದೊಡ್ಡ ಆಟಗಾರರ ಊಟ, ರೂಮು, ವಿಮಾನ, ಮುನಿಸು ಎಲ್ಲವನ್ನೂ ನೋಡಿಕೊಳ್ಳುವ ಕೆಲಸ. ಇಲ್ಲಿ ‘ಥಿಯೋ’ ಅನ್ನುವುದೇ ದೇವರು. ಒಬ್ಬ ಆಟಗಾರನಿಂದ ಸರಾಸರಿಯಲ್ಲಿ ನಮಗೆ ಎಷ್ಟು ಬರಬೇಕು ಅನ್ನುವ ಅಂದಾಜು ಅದು. ಬ್ಲ್ಯಾಕ್‌ಜಾಕ್ ಅನ್ನುವ ಇಸ್ಪೀಟಾಟದಲ್ಲಿ ಒಬ್ಬ ಒಂದು ಕೈಗೆ (ಒಂದು ಸಲದ ಆಟಕ್ಕೆ) 500 ಡಾಲರ್ ಹಾಕುತ್ತಾನೆ, ಗಂಟೆಗೆ 60 ಕೈ ಆಡುತ್ತಾನೆ, 4 ಗಂಟೆ ಕೂರುತ್ತಾನೆ ಅಂದುಕೊಳ್ಳಿ. ಒಟ್ಟು ಪಂತ 1,20,000 ಡಾಲರ್. ಅದರಲ್ಲಿ ನಮ್ಮ ಪಾಲು ಶೇ 1.5 ಅಂತ ಹಿಡಿದರೆ ಥಿಯೋ 1,800. ಅವತ್ತು ಅವನು ಗೆದ್ದು ಹೋದನಾ, ಸೋತನಾ ಅನ್ನುವುದು ಬೇರೆ ಮಾತು. ಪುಕ್ಕಟೆ ಕೊಡುವುದೆಲ್ಲ ಈ 1,800ರ ಒಂದು ಪಾಲಿನೊಳಗೇ ಮುಗಿಯಬೇಕು. ಅವನಿಗೆ 5,000 ಡಾಲರ್ ಬೆಲೆಯ ರಿಂಗ್‌ಸೈಡ್ ಟಿಕೆಟ್ ಕೊಟ್ಟರೆ ಕೈಯಿಂದ ಹೋಗುವುದು ನಮ್ಮ ದುಡ್ಡೇ. ಬ್ಯಾಕರಾ ಅನ್ನುವ ಇನ್ನೊಂದು ಇಸ್ಪೀಟಾಟ ಆಡುವವನು ಹಾಗಲ್ಲ. ಅಲ್ಲಿ ‘ಬ್ಯಾಂಕರ್’ ಅನ್ನುವ ಬದಿಯ ಮೇಲೆ ಕಟ್ಟುವ ಪಂತದಲ್ಲಿ ನಮಗೆ ಉಳಿಯುವುದು ಶೇ 1ರ ಸ್ವಲ್ಪ ಮೇಲೆ, ಅಷ್ಟೇ. ಆದರೆ ಅವನು ಒಂದು ಕೈಗೆ ಇಡುವ ಮೊತ್ತ ನೋಡಿದರೆ ಇಡೀ ಸಾಲನ್ನೇ ಬರೆದುಕೊಡಬೇಕು ಅನಿಸುತ್ತದೆ.

ಹೋಸ್ಟ್ ಕೆಲಸದಿಂದ ಪಂದ್ಯಗಳ ವಿಭಾಗಕ್ಕೆ ಬಂದದ್ದು ಈ ಕುರ್ಚಿ ಹಂಚುವ ಕೆಲಸದಿಂದಲೇ. ರಿಂಗಿನ ಸುತ್ತಲಿನ ಮೊದಲ ಜಾಗ ನಮ್ಮದಲ್ಲ. ಅಲ್ಲಿ ಮೂರು ಕಡೆ ತೀರ್ಪುಗಾರರು, ವೈದ್ಯರು, ಪಂದ್ಯಗಳ ಮೇಲೆ ನಿಗಾ ಇಡುವ ಸರ್ಕಾರಿ ಕಮಿಷನ್‌ನವರು, ಪತ್ರಕರ್ತರು, ಫೋಟೋಗ್ರಾಫರ್‌ಗಳು. ಅವರ ಹಿಂದೆ ನಮ್ಮ ಸಾಲು ಶುರು. ಟಿವಿ ಕ್ಯಾಮೆರಾ ಎದುರಿನ ಬದಿಯಲ್ಲಿ ಸಿನಿಮಾದವರನ್ನು ಕೂರಿಸಿ ಅಂತ ಪ್ರಸಾರದವರು ಹಟ ಹಿಡಿಯುತ್ತಾರೆ. ಕ್ಯಾಮೆರಾಮನ್ ರಿಂಗಿನ ಅಂಚಿನ ಮೇಲೆ ನಿಂತರೆ ಹಿಂದೆ ಕೂತವನಿಗೆ ಕಾಣುವುದು ಅವನ ಬೆನ್ನು. ಎಂಎಂಎದಲ್ಲಿ ಇನ್ನೂ ಕಷ್ಟ. ಸುತ್ತ ಬಲೆ, ನಡುನಡುವೆ ದಪ್ಪ ಕಂಬ. ಇಬ್ಬರೂ ನೆಲಕ್ಕೆ ಬಿದ್ದರೆ ದುಬಾರಿ ಕುರ್ಚಿಯವರೆಲ್ಲ ತಲೆ ಎತ್ತಿ ದೊಡ್ಡ ಪರದೆಯನ್ನೇ ನೋಡುತ್ತಾರೆ. ಪಳಗಿದ ಆಟಗಾರರು ‘ಸ್ವಲ್ಪ ಮೇಲಿನ ಸಾಲು ಕೊಡಪ್ಪ’ ಅಂತ ತಾವೇ ಕೇಳುತ್ತಾರೆ. ಹೊಸಬರಿಗೆ ಮಾತ್ರ ಮುಂದಿನ ಸಾಲೇ ಬೇಕು, ಯಾಕಂದರೆ ಟಿವಿಯಲ್ಲಿ ಕಾಣಬೇಕು ಅಲ್ವಾ! ಒಂದು ಹಾಳೆ, ಪೆನ್ಸಿಲ್, ರಬ್ಬರ್ ಇಟ್ಟುಕೊಂಡು ಕೂರುತ್ತೇನೆ. ಕಂಪ್ಯೂಟರ್‌ನಲ್ಲಿ ಆಮೇಲೆ ಹಾಕುವುದು. ವ್ಯಾಪಾರದಲ್ಲಿ ಜಗಳವಾಡಿಕೊಂಡ ಇಬ್ಬರು ಅಕ್ಕಪಕ್ಕ ಬರಬಾರದು. ಪ್ರತಿಸ್ಪರ್ಧಿ ಬಾಕ್ಸರ್‌ಗಳ ಮನೆಯವರು ಒಂದೇ ದಾರಿಯಲ್ಲಿ ಎದುರಾಗಬಾರದು.

ಕ್ಯಾಸಿನೋಗಳು ಪಂದ್ಯಕ್ಕೆ ಜಾಗ ಕೊಡುವುದಷ್ಟೇ ಅಲ್ಲ, ಪಂದ್ಯ ತಮ್ಮಲ್ಲೇ ನಡೆಯಲಿ ಅಂತ ಪ್ರವರ್ತಕರಿಗೆ ತಾವೇ ಹಣ ಕೊಡುತ್ತವೆ. ಅದಕ್ಕೆ ಸೈಟ್ ಫೀ ಅನ್ನುತ್ತಾರೆ. ಸೀಸರ್ಸ್ ಪ್ಯಾಲೇಸ್‌ನವರು 1980ರಲ್ಲಿ ಹೋಮ್ಸ್–ಅಲಿ ಪಂದ್ಯಕ್ಕೆ ಕಾರು ನಿಲ್ಲಿಸುವ ಜಾಗದಲ್ಲೇ ಸುಮಾರು 25,000 ಜನರ ತಾತ್ಕಾಲಿಕ ಕ್ರೀಡಾಂಗಣ ಕಟ್ಟಿದ್ದರು. 1985ರ ಏಪ್ರಿಲ್‌ನಲ್ಲಿ ಹ್ಯಾಗ್ಲರ್–ಹರ್ನ್ಸ್ ಕೂಡ ಅಲ್ಲೇ. ಮೂರನೇ ಸುತ್ತಿನಲ್ಲೇ ಮುಗಿಯಿತು. 1988ರಲ್ಲಿ ಕ್ಯಾಸಿನೋಗಳ ಇನ್ನೊಂದು ಊರಾದ ಅಟ್ಲಾಂಟಿಕ್ ಸಿಟಿಯಲ್ಲಿ ಟೈಸನ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದ. ಟಿಕೆಟ್ ಕೊಂಡವರಿಗೆ ಬೇಜಾರು ಆಗಿರಬಹುದು. ಕ್ಯಾಸಿನೋ ಕಡೆಯಿಂದ ನೋಡಿದರೆ ಬೇಗ ಮುಗಿದ ಪಂದ್ಯ ಒಳ್ಳೆಯದೇ. ಕೈಯಲ್ಲಿ ದುಡ್ಡು, ಮೈಯಲ್ಲಿ ಹುರುಪು, ಇನ್ನೂ ರಾತ್ರಿಯೆಲ್ಲ ಬಾಕಿ.

ಹುರುಪು ಜಾಸ್ತಿಯಾದರೂ ಕಷ್ಟ. 1997ರ ಜೂನ್ 28ರಂದು ಟೈಸನ್ ಹೋಲಿಫೀಲ್ಡ್‌ನ ಕಿವಿ ಕಚ್ಚಿದ ಮೇಲೆ ಎಂಜಿಎಂ ಗ್ರ್ಯಾಂಡ್‌ನ ಕ್ಯಾಸಿನೋ ಒಳಗೆ ನೂಕುನುಗ್ಗಲಾಗಿ ಟೇಬಲ್‌ಗಳನ್ನೇ ಮುಚ್ಚಬೇಕಾಯಿತು. ಈ ಕೆಲಸಕ್ಕೆ ಸೇರುವ ಹೊಸಬರಿಗೆ ನಾನು ಮೊದಲು ಹೇಳುವುದೇ ಆ ರಾತ್ರಿಯ ಕಥೆ. ಜನ ಹೊರಬರುವ ದಾರಿ, ಚಿಪ್ಸ್ ತಟ್ಟೆಗೆ ಮುಚ್ಚಳ ಹಾಕುವವರು ಯಾರು, ಯಾವ ಬಾಗಿಲು ತೆರೆದಿರಬೇಕು, ಇವನ್ನೆಲ್ಲ ಪಂದ್ಯದ ಪಟ್ಟಿಗಿಂತ ಮೊದಲು ಬರೆದುಕೊಳ್ಳಬೇಕು.

ಮೇಲಿನ ಹುದ್ದೆಗೆ ಬರುವಾಗ ಸರ್ಕಾರದವರ ಲೈಸೆನ್ಸ್ ತನಿಖೆ ಇರುತ್ತದೆ. ನಿಮ್ಮ ಬ್ಯಾಂಕ್ ಖಾತೆ, ತೆರಿಗೆ, ಸಾಲ, ಮದುವೆ ಏನನ್ನೂ ಬಿಡುವುದಿಲ್ಲ. ತನಿಖೆಯ ಖರ್ಚೂ ಅರ್ಜಿ ಹಾಕಿದವರ ಕಡೆಗೇ. ನನ್ನ ಫೈಲಿನಲ್ಲಿ ಅಧಿಕಾರಿ ತಡೆದು ನಿಂತದ್ದು ಸಿರ್ಸಿ ಕಡೆಯ ನಮ್ಮ ಅಡಿಕೆ ತೋಟದ ಹತ್ತಿರ. ಪಹಣಿಯಲ್ಲಿ ಅಜ್ಜನ ಹೆಸರು, ಬೆಳೆ ಮಾರುವುದು ದೊಡ್ಡಪ್ಪ, ದುಡ್ಡು ಬರುವುದು ಅಪ್ಪನ ಸೊಸೈಟಿ ಖಾತೆಗೆ, ನಾನು ಇಲ್ಲಿಂದ ಕಳಿಸಿದ್ದು ಬೋರ್‌ವೆಲ್‌ಗೆ. ‘ಹಾಗಾದರೆ ತೋಟ ಯಾರದು?’ ಅಂತ ಅವರು ಕೇಳಿದರು. ‘ಎಲ್ಲರದೂ’ ಅಂದೆ. ಆ ಉತ್ತರ ಬರೆದುಕೊಳ್ಳಲು ಅವರ ಫಾರಂನಲ್ಲಿ ಜಾಗ ಇರಲಿಲ್ಲ. ವಂಶವೃಕ್ಷ ಬರೆಸಿ, ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮಾಡಿಸಿ ಕೊಟ್ಟ ಮೇಲೆ ಫೈಲ್ ಮುಂದೆ ಹೋಯಿತು. ಅಮ್ಮನಿಗೆ ಈಗಲೂ ಸಮಾಧಾನ ಇಲ್ಲ. ‘ಇಸ್ಪೀಟು ಕ್ಲಬ್ಬಿನಲ್ಲಿ ಕೆಲಸ ಮಾಡಕ್ಕೆ ಅಜ್ಜನ ಹೆಸರೂ ಬೇಕಾಯ್ತಾ?’ ಅನ್ನುತ್ತಾಳೆ.

ಕ್ಯಾಸಿನೋ ನಡೆಸಿದವರು ಹೊಡೆದಾಟದ ಆಟವನ್ನೂ ನಡೆಸಬಲ್ಲರು ಅನ್ನುವುದಕ್ಕೆ ದೊಡ್ಡ ಉದಾಹರಣೆ ಇದೇ ಊರಿನ ಫರ್ಟಿಟಾ ಸಹೋದರರು. ಸ್ಟೇಷನ್ ಕ್ಯಾಸಿನೋಸ್ ಅವರ ಮನೆತನದ್ದು. 2001ರಲ್ಲಿ ಎಂಎಂಎ ಪಂದ್ಯ ನಡೆಸುವ ಯುಎಫ್‌ಸಿ ಕಂಪನಿಯನ್ನು 20 ಲಕ್ಷ ಡಾಲರ್‌ಗೆ ಕೊಂಡರು, 2016ರಲ್ಲಿ ಸುಮಾರು 400 ಕೋಟಿ ಡಾಲರ್‌ಗೆ ಮಾರಿದರು. ಲೊರೆಂಜೊ ಫರ್ಟಿಟಾ ಅದಕ್ಕೂ ಮುಂಚೆ ನೆವಾಡಾದ ಅಥ್ಲೆಟಿಕ್ ಕಮಿಷನ್ ಸದಸ್ಯರಾಗಿದ್ದರು. ನನ್ನ ಪ್ರಕಾರ ದುಡ್ಡಿಗಿಂತ ಅದೇ ಮುಖ್ಯ. ನಿಯಮದಿಂದ ತಪ್ಪಿಸಿಕೊಂಡು ಓಡಾಡುವ ಬದಲು ನಿಯಮ ಹಾಕಿಸಿಕೊಳ್ಳಲು ಹೋದರು. 2001ರಲ್ಲೇ ನೆವಾಡಾ ಎಂಎಂಎಗೆ ಒಪ್ಪಿಗೆ ಕೊಟ್ಟಿತು, ಸೆಪ್ಟೆಂಬರ್‌ನಲ್ಲಿ ಮ್ಯಾಂಡಲೇ ಬೇಯಲ್ಲಿ ಯುಎಫ್‌ಸಿ ಪಂದ್ಯ ನಡೆಯಿತು. ನನ್ನಂಥವರಿಗೆ ಅದರಿಂದ ಆದ ಉಪಕಾರ ಬೇರೆ. ಬಾಕ್ಸಿಂಗ್‌ನಲ್ಲಿ ಜನ ಬರುವುದು ಇಬ್ಬರ ಹೆಸರು ನೋಡಿ. ಒಬ್ಬನಿಗೆ ಅಭ್ಯಾಸದಲ್ಲಿ ಹುಬ್ಬು ಸೀಳಿದರೆ ಮುಗೀತು, ಇಡೀ ವಾರಾಂತ್ಯ ಖಾಲಿ. ಯುಎಫ್‌ಸಿಯಲ್ಲಿ ಒಬ್ಬ ಬಿಟ್ಟರೆ ಇನ್ನೊಬ್ಬ ಬರುತ್ತಾನೆ, ತಾರೀಖು ಸಾಮಾನ್ಯವಾಗಿ ಅದೇ ಇರುತ್ತದೆ. ಆಟಗಾರರನ್ನು ತಿಂಗಳುಗಳ ಮುಂಚೆ ಕರೆಯಬಹುದು.

ಈಗ ಸ್ಪರ್ಧೆ ಸೌದಿ ಅರೇಬಿಯಾದ ಜೊತೆ. 2024ರ ಮೇನಲ್ಲಿ ಫ್ಯೂರಿ–ಊಸಿಕ್ ಪಂದ್ಯ ನಡೆದದ್ದು ರಿಯಾದ್‌ನಲ್ಲಿ. ಅಲ್ಲಿ ಜೂಜಿಗೆ ನಿಷೇಧ. ಟೇಬಲ್‌ನಲ್ಲಿ ವಾಪಸ್ ಪಡೆಯಬೇಕು ಅನ್ನುವ ಲೆಕ್ಕವೇ ಇಲ್ಲ. ಅವರು ಕೊಡುವಷ್ಟು ಕೊಡಲು ನಮ್ಮ ಥಿಯೋ ಒಪ್ಪುವುದಿಲ್ಲ. ಹಾಗಂತ ಎಲ್ಲ ಪಂದ್ಯಗಳೂ ಅತ್ತ ಹೋಗುತ್ತಿಲ್ಲ. ಮೆಕ್ಸಿಕೋದ ಕನೆಲೊ ಮತ್ತು ಕ್ರಾಫರ್ಡ್ ನಡುವಿನ ಪಂದ್ಯ 2025ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಅಲೀಜಿಯಂಟ್ ಸ್ಟೇಡಿಯಂನಲ್ಲೇ ನಡೆಯಿತು, 70,000ಕ್ಕೂ ಹೆಚ್ಚು ಜನ ಬಂದಿದ್ದರು. ಮೆಕ್ಸಿಕೋದ ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16. ಆ ವಾರಾಂತ್ಯದಲ್ಲಿ ಗಡಿ ಆಚೆಯ ಆಟಗಾರರು ಪಂದ್ಯ ಇದ್ದರೂ ಇಲ್ಲದಿದ್ದರೂ ವೇಗಸ್‌ಗೆ ಬರುತ್ತಾರೆ. ಅದಕ್ಕೇ ಆ ತಾರೀಖಿಗೆ ಅಷ್ಟು ಕಿತ್ತಾಟ.

ಈ ಕೆಲಸಕ್ಕೆ ಬರಬೇಕು ಅನ್ನುವ ನಮ್ಮ ಕಡೆಯ ಹುಡುಗ ಹುಡುಗಿಯರು ಬಾಕ್ಸಿಂಗ್ ಗೊತ್ತಿರಬೇಕಾ ಅಂತ ಕೇಳುತ್ತಾರೆ. ಗೊತ್ತಿದ್ದರೆ ಒಳ್ಳೆಯದು, ಆದರೆ ಸಂದರ್ಶನದಲ್ಲಿ ಅದನ್ನು ಹೆಚ್ಚು ಕೇಳುವುದಿಲ್ಲ. ಕೇಜ್ ಅಥವಾ ಕ್ರೆಡಿಟ್ ವಿಭಾಗದಲ್ಲಿ ಕೆಲಸ ಖಾಲಿ ಇದ್ದರೆ ಮೊದಲು ಅದನ್ನು ಹಿಡಿಯಿರಿ, ರಾತ್ರಿ ಪಾಳಿಯಾದರೂ ಪರವಾಗಿಲ್ಲ. ಊರಿನ ಜಮೀನಿನ ಕಾಗದಪತ್ರಗಳನ್ನು ಈಗಲೇ ಸರಿ ಮಾಡಿಸಿಟ್ಟುಕೊಳ್ಳಿ.