ತಪಾಸಣೆ ಬಾಕಿ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುತ್ತಿದ್ದರೆ

ವಿರಾಜಪೇಟೆ ಹತ್ತಿರದ ಸಣ್ಣ ಕ್ಲಿನಿಕ್ ನಮ್ಮದು. 30ರಿಂದ 65 ವರ್ಷದ ಹೆಂಗಸರ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಲೆಕ್ಕ ಗೂಗಲ್ ಶೀಟ್ಸ್‌ನಲ್ಲಿದೆ. 'ಈ ತಿಂಗಳು ಬಾಕಿ' ಅಂತ ಫಿಲ್ಟರ್ ಹಾಕಿದರೆ ಅರ್ಧ ಹೆಸರು ಬರುತ್ತಲೇ ಇರಲಿಲ್ಲ. ಬಂದವರಲ್ಲೂ ಕೆಲವರ ತಾರೀಖು ತಪ್ಪು.

ಫಿಲ್ಟರ್ ತೆಗೆದು ಮತ್ತೆ ಹಾಕಿದೆ. ಫಾರ್ಮುಲಾ ಹೊಸದಾಗಿ ಬರೆದೆ. ಕಾಲಂನ ಫಾರ್ಮ್ಯಾಟ್ 'ಡೇಟ್' ಮಾಡಿದೆ. ಯಾವುದೂ ಕೆಲಸಕ್ಕೆ ಬರಲಿಲ್ಲ.

ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. 25/07/2023 ಸೆಲ್‌ನ ಎಡಕ್ಕೆ ಅಂಟಿಕೊಂಡಿತ್ತು, 03/07/2023 ಬಲಕ್ಕೆ. ಎಡಕ್ಕಿದ್ದದ್ದು ತಾರೀಖೇ ಅಲ್ಲ, ಸುಮ್ನೆ ಅಕ್ಷರ. ಬಲಕ್ಕಿದ್ದದ್ದು ಜುಲೈ 3 ಅಲ್ಲ, ಮಾರ್ಚ್ 7! ಶೀಟಿನ ಲೊಕೇಲ್, ಅಂದರೆ ಯಾವ ದೇಶದ ರೀತಿಯಲ್ಲಿ ತಾರೀಖು ಓದಬೇಕು ಅನ್ನೋ ಸೆಟ್ಟಿಂಗ್, ಅಮೆರಿಕದ್ದಾಗಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ.

ಮೊದಲು ಫೈಲ್, ಸೆಟ್ಟಿಂಗ್ಸ್, ಲೊಕೇಲ್‌ನಲ್ಲಿ ಇಂಡಿಯಾ ಆರಿಸಿ ಸೇವ್ ಮಾಡಿ. ಹಳೇ ತಾರೀಖುಗಳು ತಾವಾಗಿ ಸರಿಹೋಗುವುದಿಲ್ಲ. ಆ ಕಾಲಂ ಅಳಿಸಿ, ರಿಜಿಸ್ಟರ್ ನೋಡಿಕೊಂಡು ಮತ್ತೆ ಟೈಪ್ ಮಾಡಬೇಕು. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಈಗ ಎಲ್ಲಾ ತಾರೀಖೂ ಬಲಕ್ಕೆ ಬಂದಿವೆಯಾ ನೋಡಿ.

ಆಮೇಲೆ ಪಕ್ಕದ ಕಾಲಂನಲ್ಲಿ ತಾರೀಖಿಗೆ ತಿಂಗಳು ಕೂಡಿಸುವ ಇಡೇಟ್ (EDATE) ಫಾರ್ಮುಲಾ. ಅಸಿಟಿಕ್ ಆಮ್ಲ ಹಚ್ಚಿ ನೋಡುವ ವಿಐಎ ಪರೀಕ್ಷೆ ನೆಗೆಟಿವ್ ಬಂದವರಿಗೆ 60 ತಿಂಗಳು ಕೂಡಿಸಿದೆ. ರಿಸಲ್ಟ್ ಕಾಲಂ ಖಾಲಿ ಇದ್ದರೆ ಮುಂದಿನ ತಾರೀಖು ಬರಬಾರದು, 'ರಿಸಲ್ಟ್ ಬಾಕಿ' ಅಂತ ಬರಬೇಕು. ಇಲ್ಲದಿದ್ದರೆ ಅವರು ಐದು ವರ್ಷ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಅಲ್ವಾ? ಪಾಸಿಟಿವ್ ಬಂದವರದ್ದು ಬೇರೆ ಶೀಟ್, ಅವರಿಗೆ ಅದೇ ದಿನ ಫೋನ್. ಉಳಿದವರಿಗೆ ಕಾಫಿ ಕೊಯ್ಲು ಮುಗಿದ ಮೇಲೆ ಮಾಡುತ್ತೇನೆ. ಜನವರಿಯಲ್ಲಿ ಕರೆದರೆ ತೋಟ ಬಿಟ್ಟು ಯಾರೂ ಬರುವುದಿಲ್ಲ.